ಟ್ಯಾಂಕರ್ ಏಳಕ್ಕೆ ಕೇಳಿಸದ ಕರೆ

ನಾನು ಒಂದು ವೈರ್‌ಲೆಸ್ ಸೆಟ್. ವಾಹನದೊಳಗೆ ಸ್ಟೀರಿಂಗ್ ಪಕ್ಕದಲ್ಲಿ ಸ್ಕ್ರೂ ಹಾಕಿ ಕೂರಿಸುತ್ತಾರಲ್ಲ, ಆ ಜಾತಿಯವನು. ನನ್ನನ್ನು ಜೋಡಿಸಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ಕೈಗವಸು ತೊಟ್ಟ ಹೆಂಗಸೊಬ್ಬಳು ಬೆನ್ನಿಗೆ ನಂಬರ್ ಅಂಟಿಸಿ, ಒಂದು ಸಲ ಮಾತನಾಡಿಸಿ ನೋಡಿ, ಡಬ್ಬಿಗೆ ಹಾಕಿದಳು. ಡಬ್ಬಿ ಬಿಚ್ಚಿದಾಗ ಸಂಡೂರು ಗುಡ್ಡಗಳ ನಡುವಿನ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿದ್ದೆ. ಅಲ್ಲಿ ರಸ್ತೆಯ ಧೂಳಿಗೆ ನೀರು ಹೊಡೆಯುವ ಏಳನೇ ನಂಬರಿನ ಟ್ಯಾಂಕರ್‌ಗೆ ನನ್ನನ್ನು ಕೂರಿಸಿದರು.

ಗಣಿಯಲ್ಲಿ ನನ್ನಂಥವರು ನೂರಿಪ್ಪತ್ತು ಮಂದಿ. ಮಾತು ಹೋಗುವ ದಾರಿಗಳು ಐದೇ. ಗುಂಡಿ ಒತ್ತಿದರೆ ಕಂಟ್ರೋಲ್ ರೂಮಿನ ಯಂತ್ರ ಖಾಲಿ ಇದ್ದ ದಾರಿಯೊಂದನ್ನು ಕೊಡುತ್ತಿತ್ತು. ಖಾಲಿ ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲಬೇಕು. ಸರದಿ ಬಂದಾಗ ನಾನು ಕುಂಯ್ ಎನ್ನುತ್ತಿದ್ದೆ, ಆಮೇಲೆ ಮಾತನಾಡಬಹುದು.

ಮೂಡಣ ಗುಡ್ಡದ ಮೇಲೊಂದು, ಪಡುವಣ ಗುಡ್ಡದ ಮೇಲೊಂದು ಟವರ್ ಇದ್ದವು. ಟ್ಯಾಂಕರ್ ಹೋದಲ್ಲೆಲ್ಲ ಯಾವುದರ ಸಿಗ್ನಲ್ ಚೆನ್ನಾಗಿದೆಯೋ ಅದನ್ನು ನಾನೇ ಹುಡುಕಿ ಹಿಡಿಯುತ್ತಿದ್ದೆ. ಪಕ್ಕದ ಸಣ್ಣ ಗುಂಡಿಯನ್ನು ಅದುಮಿ ಹಿಡಿದರೆ ಮಾತ್ರ ಒಂದೇ ಟವರ್‌ಗೆ ಕಟ್ಟಿಬೀಳುತ್ತಿದ್ದೆ. ಮತ್ತೆ ಅದುಮಿದರೆ ಬಿಡುಗಡೆ.

ಬೆಳಗಿನ ಪಾಳಿಯ ಡ್ರೈವರ್ ಮಾರೆಪ್ಪ. ಮಧ್ಯಾಹ್ನ ಎರಡರಿಂದ ಖಾಜಾಸಾಬ. ಮಾರೆಪ್ಪನಿಗೆ ನನ್ನ ಗುಂಡಿಗಳೆಲ್ಲ ಬಾಯಿಪಾಠ. ಖಾಜಾಸಾಬನಿಗೆ ಸದ್ದು ಹೆಚ್ಚು ಕಡಿಮೆ ಮಾಡುವುದು, ಒತ್ತಿ ಮಾತನಾಡುವುದು ಇಷ್ಟೇ ಗೊತ್ತು. ಆದರೆ ಇಳಿಯುವಾಗ ನನ್ನ ಮುಖವನ್ನು ಟವೆಲಿನಿಂದ ಒರೆಸುತ್ತಿದ್ದವನು ಅವನೊಬ್ಬನೇ.

ಆ ದಿನ ಬೆಳಿಗ್ಗೆ ಎರಡೂ ಗುಡ್ಡಗಳ ನಡುವಿನ ದಿಬ್ಬದ ಮೇಲೆ ಕೆಲಸವಿತ್ತು. ನಾನು ಈ ಟವರ್ ಬಿಟ್ಟು ಆ ಟವರ್ ಹಿಡಿಯುತ್ತ ಮಾತುಗಳನ್ನು ತುಂಡರಿಸುತ್ತಿದ್ದೆ. ಮಾರೆಪ್ಪ ರೇಗಿದ. “ಥತ್, ಇದರ ಕಾಟ! ಒಂದು ಮಾತೂ ನೆಟ್ಟಗ ಕೇಳ್ಸವಲ್ದು” ಎಂದು ಗುಂಡಿ ಅದುಮಿ ನನ್ನನ್ನು ಮೂಡಣ ಟವರ್‌ಗೆ ಕಟ್ಟಿದ. ಎರಡು ಗಂಟೆಗೆ ಇಳಿದು ಹೋಗುವಾಗ ಬಿಚ್ಚಲು ಮರೆತ.

ಖಾಜಾಸಾಬ ಟ್ಯಾಂಕರ್ ತುಂಬಿಸಿಕೊಂಡು ಪಡುವಣ ಗುಡ್ಡದ ಬುಡದಲ್ಲಿ ಅದಿರು ಅಗೆಯುವ ಹಳ್ಳಕ್ಕೆ ಇಳಿದ. ತಿರುವು ದಾಟುತ್ತಲೇ ಮೂಡಣ ಟವರ್ ಮರೆಯಾಯಿತು. ಪಡುವಣ ಟವರ್ ತಲೆಯ ಮೇಲೇ ಇತ್ತು. ಅದರ ಸಿಗ್ನಲ್ ನನಗೆ ಸ್ಪಷ್ಟವಾಗಿ ತಾಕುತ್ತಿತ್ತು, ಹಿಡಿಯಲು ಅಪ್ಪಣೆ ಇರಲಿಲ್ಲ. ಸಂಪರ್ಕ ತಪ್ಪಿದೆ ಎಂದು ಒಮ್ಮೆ ಕೂಗಿದೆ. ಇಂಜಿನ್ನಿನ ಸದ್ದು, ನೀರಿನ ಸದ್ದು. ಖಾಜಾಸಾಬನಿಗೆ ಕೇಳಿಸಲಿಲ್ಲ. ಮುಖದ ಮೇಲೆ ಇಂಗ್ಲಿಷ್ ಅಕ್ಷರ ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ, ನಾವಿದ್ದಲ್ಲಿಂದ ಒಂದೇ ತಿರುವಿನಾಚೆ, ಮಣ್ಣು ಅಗೆಯುವ ಯಂತ್ರಕ್ಕೆ ಬೆಂಕಿ ಬಿತ್ತು. ಆಪರೇಟರ್ ಓಬಳೇಶ ಒಳಗೆ ಸಿಕ್ಕಿಕೊಂಡಿದ್ದ. ಕಂಟ್ರೋಲ್ ರೂಮಿನ ನಾಗವೇಣಿ ಹನ್ನೊಂದು ಸಲ ನಮ್ಮನ್ನು ಕರೆದಳಂತೆ: “ಟ್ಯಾಂಕರ್ ಏಳು, ಕೇಳಿಸ್ತೈತೇನ್ರಿ? ನೀವೇ ಹತ್ರ ಇರೋದು, ಲಗೂನ ಹೋಗ್ರಿ!” ಆ ಹೊತ್ತಿನಲ್ಲಿ ನಾವು ಖಾಲಿ ರಸ್ತೆಗೆ ನಿಧಾನವಾಗಿ ನೀರು ಹೊಡೆಯುತ್ತಿದ್ದೆವು.

ಖಾಜಾಸಾಬ ಹೊಗೆ ಕಂಡು ಟ್ಯಾಂಕರ್ ಓಡಿಸಿದ. ಉಳಿದಿದ್ದ ಚೂರು ನೀರನ್ನೆಲ್ಲ ಸುರಿದ. ಅಷ್ಟರಲ್ಲಿ ಓಬಳೇಶ ಕಾದ ಬಾಗಿಲನ್ನು ಬರಿಗೈಯಲ್ಲಿ ನೂಕಿ ಹೊರಗೆ ಬಿದ್ದಿದ್ದ. ಜೀವ ಉಳಿಯಿತು. ಎರಡೂ ಅಂಗೈ ಸುಟ್ಟುಹೋಗಿದ್ದವು.

ಮ್ಯಾನೇಜರ್ ಜೀಪಿನಿಂದ ಇಳಿಯುತ್ತಲೇ ಅರಚಿದರು. “ಎಷ್ಟು ಸಲ ಕರೆಯೋದ್ರೀ? ಸೆಟ್ ಆಫ್ ಮಾಡಿ ಮಲಗಿದ್ರೇನು?”

“ಅಲ್ಲಾನಾಣೆ ಸಾಹೇಬ್ರ, ಒಂದು ಮಾತೂ ಕೇಳಿಲ್ಲ.”

ಬೆಂಕಿಯ ಸುದ್ದಿ ಕೇಳಿ ಕಾರ್ಮಿಕರ ಕಾಲೋನಿಯಿಂದ ಓಡಿಬಂದವರಲ್ಲಿ ಮಾರೆಪ್ಪನೂ ಇದ್ದ. ಎಲ್ಲರೂ ಖಾಜಾಸಾಬನನ್ನು ಸುತ್ತುವರಿದಿದ್ದಾಗ ಅವನು ಕ್ಯಾಬಿನ್ ಹತ್ತಿದ. ನನ್ನ ಮುಖದ ಮೇಲಿನ ಅಕ್ಷರ ನೋಡಿದ, ಅವನಿಗೆ ತಿಳಿಯಿತು. ಸಣ್ಣ ಗುಂಡಿ ಅದುಮಿ ಕಟ್ಟು ಬಿಚ್ಚಿ, ಸದ್ದಿಲ್ಲದೆ ಇಳಿದುಹೋದ. ಮರುದಿನ ಮೆಕ್ಯಾನಿಕ್ ಬಂದು ಪರೀಕ್ಷೆ ಮಾಡಿದ. ನಾನು ತಕ್ಷಣ ಟವರ್ ಹಿಡಿದೆ. ‘ಸೆಟ್‌ನಲ್ಲಿ ದೋಷವಿಲ್ಲ’ ಎಂದು ಬರೆದುಕೊಂಡ. ಆ ಎರಡು ಪದ ಸಾಕಾದವು, ಖಾಜಾಸಾಬನನ್ನು ಕೆಲಸದಿಂದ ನಿಲ್ಲಿಸಲು. ನನಗೆ ಬೇರೆಯವರ ಮಾತು ಸಾಗಿಸಲು ಬರುತ್ತದೆ. ನನ್ನದೇ ಒಂದು ಮಾತು ಹೇಳಲು ಬರುವುದಿಲ್ಲ.

ಅಂದಿನಿಂದ ಖಾಜಾಸಾಬ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಂದು, ವಿಚಾರಣೆ ಯಾವಾಗ ಎಂದು ಕೇಳಿ ಹಿಂತಿರುಗುತ್ತಿದ್ದ. ಮಾರೆಪ್ಪ ಬೇರೆ ಕಡೆ ನೋಡುತ್ತ ಟ್ಯಾಂಕರ್ ದಾಟಿಸಿಬಿಡುತ್ತಿದ್ದ. ಹನ್ನೆರಡನೆಯ ದಿನ ಖಾಜಾಸಾಬ ಕೈ ಅಡ್ಡ ಹಿಡಿದ. ಮಾರೆಪ್ಪ ಗಾಡಿ ನಿಲ್ಲಿಸಿ ಗಾಜು ಇಳಿಸಿದ.

“ಮಾರೆಪ್ಪಣ್ಣ, ಬ್ರೇಕ್ ಒಂಚೂರು ಎಡಕ್ಕ ಎಳೀತೈತಿ. ಇಳಿಜಾರಿನ್ಯಾಗ ಹುಷಾರು. ಹೇಳಬೇಕಂತಿದ್ದೆ, ಆಗಿರಲಿಲ್ಲ.”

ಮಾರೆಪ್ಪ ತಲೆಯಾಡಿಸಿದ. ದಿಬ್ಬ ಹತ್ತಿದ ಮೇಲೆ ಟ್ಯಾಂಕರ್ ನಿಲ್ಲಿಸಿದ. ಮ್ಯಾನೇಜರ್ ಒಬ್ಬರಿಗೇ ಕೇಳಿಸುವ ಖಾಸಗಿ ಕರೆಗೆ ನನ್ನನ್ನು ತಿರುಗಿಸಿದ, ಬೇಡವೆಂದು ಬಿಟ್ಟ. ಎಲ್ಲರಿಗೂ ಕೇಳಿಸುವ ಗುಂಪಿಗೆ ತಿರುಗಿಸಿ ಒತ್ತಿದ. ಐದು ದಾರಿಗಳೂ ತುಂಬಿದ್ದವು. ಸಾಲಿನಲ್ಲಿ ನಿಂತೆವು. ಹೇಳದೆ ಬಿಟ್ಟುಬಿಡಲು ಅವನಿಗೆ ಇನ್ನೂ ಸಮಯವಿತ್ತು. ಅವನು ಎರಡೂ ಕೈಯಿಂದ ಮೈಕ್ ಹಿಡಿದು ಕೂತ. ನಾನು ಕುಂಯ್ ಎಂದೆ.

“ಎಲ್ಲಾರೂ ಕೇಳ್ರಿ, ನಾನು ಮಾರೆಪ್ಪ ಮಾತಾಡಾಕತ್ತೀನಿ. ಆವತ್ತು ಖಾಜಾಂದು ಏನೂ ತಪ್ಪಿಲ್ಲ. ಸೆಟ್ಟು ಒಂದೇ ಟವರ್‌ಗೆ ಕಟ್ಟಿದಾಂವ ನಾನು. ಆಮ್ಯಾಲ ಯಾರಿಗೂ ತಿಳೀಬಾರ್ದು ಅಂತ ಬಿಚ್ಚಿದಾಂವನೂ ನಾನಾ.”

ಕಂಟ್ರೋಲ್ ರೂಮಿನಿಂದ ನಾಗವೇಣಿ, “ಕೇಳಿಸ್ತು, ಮಾರೆಪ್ಪ” ಎಂದಳು.

ಖಾಜಾಸಾಬ ಕೆಲಸಕ್ಕೆ ಮರಳಿದ. ಮಾರೆಪ್ಪನನ್ನು ತೆಗೆದುಹಾಕಿದರು. ಆ ಸಣ್ಣ ಗುಂಡಿಯ ಕೆಲಸ ಏನೆಂದು ಎಲ್ಲ ಡ್ರೈವರ್‌ಗಳಿಗೂ ಕನ್ನಡದಲ್ಲಿ ಕಲಿಸಿದರು. ನಾನು ಇನ್ನೂ ಆರು ವರ್ಷ ದುಡಿದೆ. ಹೊಸ ಸೆಟ್‌ಗಳು ಬಂದಾಗ ನನ್ನನ್ನು ಬಿಚ್ಚಿ ಸ್ಟೋರಿಗೆ ಕಳಿಸಿದರು.

ಸ್ಟೋರಿನ ಮೇಜಿನ ಹಿಂದೆ ಓಬಳೇಶ ಕೂತಿದ್ದ. ಯಂತ್ರದ ಲಿವರ್ ಹಿಡಿಯಲಾಗದ ಅವನಿಗೆ ಅಲ್ಲಿ ಕೆಲಸ ಕೊಟ್ಟಿದ್ದರು. ನನಗೆ ಕಟ್ಟಿದ್ದ ಚೀಟಿ ಓದಿದ. “ಟ್ಯಾಂಕರ್ ಏಳರದು” ಎಂದು ಮೆಲ್ಲಗೆ ತನಗೇ ಹೇಳಿಕೊಂಡ. ನನ್ನನ್ನು ನೆಲಕ್ಕೆ ಅಪ್ಪಳಿಸುತ್ತಾನೆ ಎಂದುಕೊಂಡೆ. ಅಪ್ಪಳಿಸಲಿ ಎಂದೂ ಬಯಸಿದೆ. ಅವನು ಬ್ಯಾಟರಿ ಜೋಡಿಸಿ, ಬಾಗದ ಬೆರಳುಗಳಿಂದ ಕಷ್ಟಪಟ್ಟು ನನ್ನನ್ನು ಆನ್ ಮಾಡಿದ. ನಾನು ಟವರ್ ಹಿಡಿದೆ. ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಓಬಳೇಶ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ಕೂತ.

ಆಮೇಲೆ ಪೆನ್ನನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ಅದೇ ಚೀಟಿಯ ಮೇಲೆ ಒಂದೊಂದೇ ಅಕ್ಷರ ಬರೆದ: ‘ಚೆನ್ನಾಗಿ ಕೇಳಿಸುತ್ತದೆ.’