ರಾಜ ನಿಂತಿದ್ದ ಮನೆ

ವ್ಯಾನಿನ ಹಿಂಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತು. ಸಿದ್ದಲಿಂಗೇಶ್ ಹೊರಗಿನಿಂದ ಹೆಗಲು ಕೊಟ್ಟು ತಳ್ಳಿದ. ಹೊನ್ನೂರಸ್ವಾಮಿ ಒಳಗೆ ಸ್ಟ್ರೆಚರಿನ ತುದಿ ಹಿಡಿದು ಬಗ್ಗಿ ನಿಂತಿದ್ದ. ಚಳ್ಳಕೆರೆಯಿಂದ ದೇವಸಮುದ್ರದವರೆಗೆ ಇಬ್ಬರೂ ಪಾತಣ್ಣನ ಹೆಣದ ಎರಡು ಪಕ್ಕ ಕೂತು ಬಂದಿದ್ದರು. ಬಾಗಿಲು ಕಡೆಗೂ ತೆರೆದುಕೊಂಡಾಗ ಇಬ್ಬರ ಅಂಗಿಯೂ ಬೆವರಿಗೆ ಮೈಗಂಟಿತ್ತು.

ಪಾತಣ್ಣ ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಕೆಲಸ ಬಿಟ್ಟ ಮೇಲೂ ಮಿಷನ್ ಕೆಟ್ಟರೆ ಅವನಿಗೇ ಕರೆ ಬರುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಿಲ್ಲು, ಮನೆ ಬಿಟ್ಟರೆ ಅವನು ಹೋಗುತ್ತಿದ್ದ ಜಾಗ ಇನ್ನೊಂದೇ: ಸೈಕಲ್ ಅಂಗಡಿಯ ಮಾಳಿಗೆಯ ಮೇಲಿನ ಚದುರಂಗದ ಕ್ಲಬ್ಬು. ಮಂಡಿಯಲ್ಲಿ ಗುಮಾಸ್ತನಾಗಿದ್ದ ಹೊನ್ನೂರಸ್ವಾಮಿ ಅದರ ಕಾರ್ಯದರ್ಶಿ. ಬ್ಯಾಂಕಿನಿಂದ ನಿವೃತ್ತನಾದ ಸಿದ್ದಲಿಂಗೇಶ್ ಅಲ್ಲಿನ ಗಟ್ಟಿ ಆಟಗಾರ.

ಹೆಣವನ್ನು ಅಣ್ಣನ ಮನೆಯ ಮುಂದೆ ಚಪ್ಪರದ ಕೆಳಗೆ ಮಲಗಿಸಿದರು. ಹೆಂಗಸರು ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಹೊರಳಿ ಹಾಡಿಕೊಂಡು ಅತ್ತರು. ಅತ್ತು ಸುಸ್ತಾಗಿ ಸುಮ್ಮನಾದರು. ತಲೆಯ ಹತ್ತಿರ ಕೂತಿದ್ದ ಹೆಂಡತಿ ಸೂರಮ್ಮನನ್ನು ಯಾರೋ, ಈ ಪೇಟೆಯವರಿಬ್ಬರು ಯಾರು ಎಂದು ಕೇಳಿದರು.

"ನನ್ನ ಸವತೀರು," ಅಂದಳು ಸೂರಮ್ಮ. "ಶನಿವಾರ ಬಂತಂದ್ರೆ ಇವರ ಮನೇನೇ ಅವನಿಗೆ."

ಒಂದಿಬ್ಬರು ನಕ್ಕರು. ಅಷ್ಟರಲ್ಲಿ ಪಾತಣ್ಣನ ಅಣ್ಣ ದೊಡ್ಡಪಾಲಯ್ಯ ಹೊಲದ ಕಡೆಯಿಂದ ಬಂದು, ಗುಂಡಿಗೆ ಬಂಡೆ ಅಡ್ಡ ಬಂದಿದೆಯೆಂದೂ ಇನ್ನೂ ಹೊತ್ತು ಹಿಡಿಯುತ್ತದೆಯೆಂದೂ ಹೇಳಿದ. ಎಂಬತ್ತರ ಹತ್ತಿರದ ಮುದುಕ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಟೀ ಲೋಟಗಳ ತಟ್ಟೆ. ಬಂದವರಿಗೆಲ್ಲ ತಾನೇ ಕೊಡುತ್ತಿದ್ದ.

ಹೊತ್ತು ಕಳೆಯಬೇಕಿತ್ತು. ಸಿದ್ದಲಿಂಗೇಶ್ ಪಕ್ಕದಲ್ಲಿದ್ದವರಿಗೆ ಪಾತಣ್ಣನ ಕತೆ ಹೇಳತೊಡಗಿದ. ಚಿತ್ರದುರ್ಗದ ಜಿಲ್ಲಾ ಆಯ್ಕೆ ಪಂದ್ಯ. ಕೊನೆಯ ಸುತ್ತಿನಲ್ಲಿ ಅವರಿಬ್ಬರೇ ಎದುರುಬದುರು. ಗೆದ್ದವನಿಗೆ ರಾಜ್ಯ ಮಟ್ಟ. ಡ್ರಾ ಆದರೆ ಅರ್ಧ ಪಾಯಿಂಟು ಮುಂದಿದ್ದ ಸಿದ್ದಲಿಂಗೇಶನಿಗೆ.

"ನನಗೆ ಬರೀ ರಾಜ ಉಳಿದಿತ್ತು. ಇವ್ನ ಕಾಲಾಳು ಕೊನೇ ಮನೆ ಮುಟ್ತು. ಜಗತ್ತೆಲ್ಲ ಮಂತ್ರಿ ಮಾಡ್ಕೊಂತದೆ, ಈ ಪುಣ್ಯಾತ್ಮ ಕುದುರೆ ಮಾಡ್ಕೊಂಡ. ಬರೀ ಕುದುರೆ ಇಟ್ಕೊಂಡು ಯಾರನ್ನ ಕಟ್ಟಿಹಾಕ್ತಾನೆ? ಗೆದ್ದಿದ್ದ ಆಟ ಡ್ರಾ. ಅವತ್ತಿಂದ ಕ್ಲಬ್ಬಲ್ಲಿ ಕುದುರೆ ಪಾತಣ್ಣ."

ಹಿಂದೆ ಲೋಟಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ದೊಡ್ಡಪಾಲಯ್ಯ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ನಿಂತಿದ್ದ.

*

ಕುರಿ ಕಾಯುವ ಹುಡುಗರಿಗೆ ಮಧ್ಯಾಹ್ನ ಉದ್ದ. ದೊಡ್ಡಪಾಲಯ್ಯ ಬಂಡೆಯ ಮೇಲೆ ಸುಣ್ಣಕಲ್ಲಿನಿಂದ ಗೆರೆ ಎಳೆದು ತಮ್ಮನಿಗೆ ಚದುರಂಗ ಕಲಿಸಿದ. ಹಿರಿಯರಿಂದ ಬಂದ ಆಟ, ಹಿರಿಯರ ನಿಯಮ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಅದು ಯಾರ ಮನೆಯೋ ಆ ಕಾಯಿಯಾಗಿ ಏಳಬೇಕು: ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ. ತಮ್ಮ ಬೇರೆ ಏನಾದರೂ ಇಟ್ಟರೆ ಕೈ ಮೇಲೆ ಪೆಟ್ಟು ಬೀಳುತ್ತಿತ್ತು.

ಚಳ್ಳಕೆರೆಗೆ ಬಂದು ಕ್ಲಬ್ಬು ಸೇರಿದ ಮೇಲೆ ಪಾತಣ್ಣ ಪಂದ್ಯದ ನಿಯಮ ಕಲಿತ. ಯಾವ ಮನೆಯಲ್ಲಾದರೂ ಮಂತ್ರಿ ಮಾಡಬಹುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರದುರ್ಗದಲ್ಲಿ ಅವನ ಸಮಯ ಮುಗಿಯುತ್ತ ಬಂದು ಗಡಿಯಾರದ ಮುಳ್ಳು ಮೇಲೇರಿತ್ತು. ಕಾಲಾಳು ಕುದುರೆಯ ಮನೆ ಮುಟ್ಟಿತು, ಕೈ ತಾನಾಗಿ ಕುದುರೆಯನ್ನು ಎತ್ತಿ ಇಟ್ಟಿತು. ಇಟ್ಟ ಮೇಲೆ ಅವನು ನೋಡಿದ.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಆಟ ಮುಗಿದ ಮೇಲೆ ಗೆಲುವು ಕಳಕೊಂಡವನೇ ಕಾಯಿಗಳನ್ನು ತಿರುಗಿ ಜೋಡಿಸಿ, ಎಲ್ಲಿ ಎಡವಿದೆ ಎಂದು ಮೊದಲು ಹೇಳಬೇಕು. ಅದನ್ನು ತಂದವನು ಹೊನ್ನೂರಸ್ವಾಮಿ. ಸಮಾಧಾನದ ಮಾತು ಬೇಕಾದವರು ಕೆಳಗೆ ಇಳಿದುಹೋಗಿ ಟೀ ಕುಡಿಯಲಿ, ಬೋರ್ಡಿನ ಮುಂದೆ ಬೇಡ ಎನ್ನುತ್ತಿದ್ದ. ಪಾತಣ್ಣ ಆ ಆಟವನ್ನು ಎಷ್ಟೋ ಶನಿವಾರ ಜೋಡಿಸಿದ. ಪ್ರತಿ ಸಲವೂ ತನ್ನ ಕೈ ತಪ್ಪಿತು ಎಂದಷ್ಟೇ ಹೇಳಿದ. ಅಣ್ಣನ ಹೆಸರು ಒಂದು ದಿನವೂ ಎತ್ತಲಿಲ್ಲ.

*

ದೊಡ್ಡಪಾಲಯ್ಯ ಹೊನ್ನೂರಸ್ವಾಮಿಯನ್ನು ಜಾಲಿ ಮರದ ಹತ್ತಿರ ಕರೆದುಕೊಂಡು ಹೋದ. ದೂರದಲ್ಲಿ ಹಾರೆ ಬಂಡೆಗೆ ಬೀಳುವ ಸದ್ದು ಕೇಳುತ್ತಿತ್ತು.

"ಕುದ್ರೆ ಮನೇಲಿ ಕುದ್ರೇನೇ ಮಾಡ್ಬೇಕು ಅಂತ ಹೊಡೆದು ಕಲಿಸ್ದೋನು ನಾನು, ಸ್ವಾಮೇರೆ."

ಹೊನ್ನೂರಸ್ವಾಮಿಗೆ ಇದು ಗೊತ್ತಿರಲಿಲ್ಲ.

"ದುರ್ಗದಿಂದ ಬಂದಾಗ ಕೇಳ್ದೆ, ನನ್ನಿಂದ ಹೋತೇನೋ ಅಂತ. ಇಲ್ಲಣ್ಣ, ಮಂತ್ರಿ ಮಾಡಿದ್ರೂ ಡ್ರಾನೇ ಆಗ್ತಿತ್ತು ಅಂದ. ಆಮೇಲೂ ಕೇಳಿದೀನಿ. ಅದನ್ನೇ ಅಂದ." ಮುದುಕ ಕಂಬಳಿ ಸರಿಮಾಡಿಕೊಂಡ. "ಈಗ ನಿಮ್ಮ ಸ್ನೇಹಿತ್ರು ಅದು ಗೆದ್ದಿದ್ದ ಆಟ ಅಂತಾರೆ. ನೀವು ಆಟದಾಗೆ ಸುಳ್ಳು ಹೇಳಲ್ಲ ಅಂತ ಅವನೇ ಹೇಳ್ತಿದ್ದ. ಯಾವುದು ನಿಜ ಹೇಳ್ರಿ."

ಹೊನ್ನೂರಸ್ವಾಮಿ, ಹಳೇ ಮಾತು ಈಗ ಯಾಕೆ ಎಂದ. ಮುದುಕ ಬಿಡಲಿಲ್ಲ. ಟವಲಿನಿಂದ ನೆಲ ಸವರಿ ಕೂತು ಕಡ್ಡಿಯಿಂದ ಗೆರೆ ಎಳೆದ.

"ತೋರ್ಸಿ. ನನಗೆ ಆಟ ಬರ್ತೈತೆ."

ಹೊನ್ನೂರಸ್ವಾಮಿ ಮಂಡಿ ಊರಿ ಕೂತ. ಪಾತಣ್ಣನ ಕಾಲಾಳಿಗೆ ಒಂದು ಕಡಲೆ ಗಾತ್ರದ ಕಲ್ಲು, ರಾಜನಿಗೆ ದಪ್ಪ ಕಲ್ಲು. ಎರಡನ್ನೂ ಅವತ್ತಿನ ಆಟದಲ್ಲಿ ಇದ್ದಲ್ಲೇ ಇಟ್ಟ. ಎದುರಾಳಿಯ ರಾಜನಿಗೆಂದು ಹೆಂಚಿನ ಚೂರು ಕೈಯಲ್ಲಿ ಉಳಿಯಿತು. ಅವತ್ತು ಆ ರಾಜ ನಿಂತಿದ್ದದ್ದು ಕಾಲಾಳಿನ ಬೆನ್ನಿಗಿದ್ದ ಮನೆಯಲ್ಲಿ. ಕ್ಲಬ್ಬಿನಲ್ಲಿ ಅದನ್ನು ಕಣ್ಣು ಮುಚ್ಚಿ ಇಡುವವರಿದ್ದರು. ಅಷ್ಟು ಹೊತ್ತಿಗೆ ಸಿದ್ದಲಿಂಗೇಶ್ ಇವರನ್ನು ಹುಡುಕಿಕೊಂಡು ಬಂದು ಹಿಂದೆ ನಿಂತಿದ್ದ.

ಹೊನ್ನೂರಸ್ವಾಮಿ ಹೆಂಚಿನ ಚೂರನ್ನು ಒಂದು ಮನೆ ಪಕ್ಕಕ್ಕೆ, ಅಂಚಿನಲ್ಲಿ ಇಟ್ಟ.

"ಈಗ ಮಂತ್ರಿ ಮಾಡ್ರಿ."

ದೊಡ್ಡಪಾಲಯ್ಯ ಸಣ್ಣ ಕಲ್ಲನ್ನು ಕೊನೆಯ ಸಾಲಿಗೆ ತಳ್ಳಿದ. ಆಮೇಲೆ ಎದುರು ರಾಜನಿಗೆ ಜಾಗ ಹುಡುಕುತ್ತ ಒಂದೊಂದೇ ಮನೆಯ ಮೇಲೆ ಬೆರಳಿಟ್ಟ. ಎಲ್ಲ ಕಡೆಯೂ ಮಂತ್ರಿಯದೋ ಪಾತಣ್ಣನ ರಾಜನದೋ ಕಾವಲಿತ್ತು.

"ಅವನಿಗೆ ನಡೆಯೋಕೆ ಜಾಗ ಇಲ್ಲ," ಅಂದ ಹೊನ್ನೂರಸ್ವಾಮಿ. "ಚೆಕ್ಕೂ ಇಲ್ಲ. ಪಂದ್ಯದ ನಿಯಮದಾಗೆ ಅದು ಡ್ರಾ."

ಮುದುಕ ತಲೆ ಎತ್ತಿ ಸಿದ್ದಲಿಂಗೇಶನನ್ನು ನೋಡಿದ. "ನಿಮ್ಮ ರಾಜ ಇಲ್ಲೇ ಇತ್ತಾ?"

ಸಿದ್ದಲಿಂಗೇಶ್ ನೆಲದ ಮೇಲಿನ ಚೂರನ್ನು ನೋಡಿದ. ಹೊನ್ನೂರಸ್ವಾಮಿಯನ್ನು ನೋಡಿದ.

"ಹೂಂ. ಅಲ್ಲೇ ಇತ್ತು," ಅಂದ. "ಗೆದ್ದಿದ್ದ ಆಟ ಅಂತ ನಾನು ಸುಮ್ನೆ ಅವನ್ನ ರೇಗಿಸ್ತಿದ್ದೆ."

ಹಾಗೆ ಇಟ್ಟರೂ ಆನೆ ಮಾಡಿದ್ದರೆ ಗೆಲುವಿತ್ತು. ಅದು ಕ್ಲಬ್ಬಿನವರಿಬ್ಬರಿಗೂ ಕಂಡಿತು. ದೊಡ್ಡಪಾಲಯ್ಯ ಕೇಳಿದ್ದು ಮಂತ್ರಿಯ ಬಗ್ಗೆ ಮಾತ್ರ.

"ಹಂಗಾದ್ರೆ ನಿಜಾನೇ ಹೇಳಿದ್ದ," ಅಂದ ಮುದುಕ. ಏಳಲು ಕೈ ಚಾಚಿದ. ಸಿದ್ದಲಿಂಗೇಶ್ ಎಬ್ಬಿಸಿದ. ಅಷ್ಟರಲ್ಲಿ ಹೊಲದಿಂದ ಕೂಗು ಬಂತು, ಗುಂಡಿ ಆಯಿತೆಂದು.

*

ಮಣ್ಣು ಹಾಕಿ ಎಲ್ಲರೂ ಹಿಂದಿರುಗಿದಾಗ ಬಿಸಿಲು ಇಳಿದಿತ್ತು. ಚಳ್ಳಕೆರೆಗೆ ಹೊರಡುವ ವ್ಯಾನ್ ಜಾಲಿ ಮರದ ಕೆಳಗೆ ನಿಂತಿತ್ತು. ಗೆರೆಗಳು ಇನ್ನೂ ಇದ್ದವು. ಮಣೆಯ ಒಂದು ಮೂಲೆಯನ್ನು ಯಾರೋ ತುಳಿದಿದ್ದರು, ಕಲ್ಲುಗಳು ಮಾತ್ರ ಅಲುಗಿರಲಿಲ್ಲ.

"ಲೇ, ನೀನು ಹಿಂಗೆ ಇಡ್ತೀಯ ಅಂತ ನಾನು ತಿಳ್ಕೊಂಡಿರಲಿಲ್ಲ," ಅಂದ ಸಿದ್ದಲಿಂಗೇಶ್.

ಹೊನ್ನೂರಸ್ವಾಮಿ ಬಗ್ಗಿ ಒಂದೇ ಬೆರಳಿನಿಂದ ಹೆಂಚಿನ ಚೂರನ್ನು ಅದರ ಮನೆಗೆ ಸರಿಸಿದ. ಕಾಲಾಳಿನ ಕಲ್ಲನ್ನೂ ಒಂದು ಮನೆ ಹಿಂದಕ್ಕೆ ತಂದ. ಇಬ್ಬರೂ ನೋಡುತ್ತ ನಿಂತರು. ಮಂತ್ರಿ ಮಾಡಿದ್ದರೆ ನೇರ ಗೆಲುವು; ಬೇರೆ ನಡೆ ಹುಡುಕುವಂಥದ್ದು ಅಲ್ಲೇನೂ ಇರಲಿಲ್ಲ.

"ಕೈ ತೊಳ್ಕಂಡು ಹೋಗ್ರಿ."

ದೊಡ್ಡಪಾಲಯ್ಯ ನೀರಿನ ಚೊಂಬು ಹಿಡಿದು ಹತ್ತಿರವೇ ಬಂದಿದ್ದ. ಸಿದ್ದಲಿಂಗೇಶ್ ಎಡಗಾಲನ್ನು ಮುಂದಿಟ್ಟು ಹೆಂಚಿನ ಚೂರಿನ ಮೇಲೆ ಊರಿದ. ಚಪ್ಪಲಿಯನ್ನು ವ್ಯಾನಿನ ಹತ್ತಿರ ಬಿಟ್ಟಿದ್ದ; ಚೂರಿನ ಅಂಚು ಅಂಗಾಲಿಗೆ ಒತ್ತಿತು. ಮುದುಕ ಮೊದಲು ಹೊನ್ನೂರಸ್ವಾಮಿಯ ಕೈಗೆ, ಆಮೇಲೆ ಸಿದ್ದಲಿಂಗೇಶನ ಕೈಗೆ ನಿಧಾನವಾಗಿ ನೀರು ಹಾಕಿದ. ನೀರು ಬೆರಳುಗಳಿಂದ ಇಳಿದು ಗೆರೆಗಳ ಮೇಲೆ ಬಿತ್ತು.

"ಕಾಲಿಗೂ ಹಾಕ್ತೀನಿ, ಎತ್ರಿ," ಅಂದ ಮುದುಕ.

ಸಿದ್ದಲಿಂಗೇಶ್ ಬಲಗಾಲನ್ನು ಎತ್ತಿ ಹಿಡಿದ.