ಏಳು ಗಂಟೆಯ ಏರು

ಮಂಜು ಎಷ್ಟು ದಟ್ಟವೆಂದರೆ ಎದುರು ಮನೆಯ ಗೇಟೂ ಕಾಣದು, ಹಾಲಿನವನ ಸೈಕಲ್ ಗಂಟೆ ಮಾತ್ರ ಎಲ್ಲಿಂದಲೋ ತೇಲಿ ಬಂತು, ಅಂದರೆ ಏಳಾಗುತ್ತ ಬಂತು, ಏಳಕ್ಕೆ ಅವಳು ಬರುತ್ತಾಳೆ, ಊಟದ ಮೇಜಿನ ಈ ಮೂಲೆಗೆ, ಹನ್ನೊಂದು ವರ್ಷದಿಂದ ಬಂದ ಹಾಗೆ, ತೋಳು ಚಾಚಿ ಮುಖವನ್ನು ಕಿಟಕಿಯತ್ತ ತಿರುಗಿಸುತ್ತಾಳೆ — ರಕ್ತದೊತ್ತಡದ ಮೇಲೆ ಮೂವತ್ತು ವರ್ಷ ಸಂಶೋಧನೆ ಮಾಡಿದ ಗಂಡನಿರುವಾಗ ಹೊರಗಿನವರಿಂದ ಯಾಕೆ ಅಳೆಸುತ್ತೀ ಅಂದವನು ನಾನೇ, ನೂರರುವತ್ತು, ನೂರರುವತ್ತನಾಲ್ಕು, ಒಂದಿದ್ದ ಮಾತ್ರೆ ಎರಡಾಯಿತು, ಮೂರಾಯಿತು, ಬಚ್ಚಲಲ್ಲಿ ಬಿದ್ದಳು, ಏನಿಲ್ಲ ರೀ, ಕಾಲು ಜಾರ್ತು ಅಷ್ಟೆ, ನಾನು ನಂಬಿದೆ, ನಂಬುವುದು ಸುಲಭವಾಗಿತ್ತು.

ಜೇಬಿನಲ್ಲಿ ಆ ಕಾಗದ. ನಮ್ಮ ಅಧ್ಯಯನಕ್ಕೆ ಒಬ್ಬರು ಕಡಿಮೆ ಬಿದ್ದರೆಂದು, ಇಡೀ ದಿನ ತಾನೇ ಅಳೆಯುವ ಯಂತ್ರವನ್ನು ಮೊನ್ನೆ ಅವಳ ತೋಳಿಗೆ ಪಟ್ಟಿ ಸುತ್ತಿ ಸೊಂಟಕ್ಕೆ ಕಟ್ಟಿದ್ದೆ, ನಿನ್ನೆ ಪ್ರಯೋಗಾಲಯದ ನರ್ಸಮ್ಮ ಒತ್ತಡದ ಗೆರೆಯನ್ನು ಕಾಗದಕ್ಕೆ ಇಳಿಸಿಕೊಟ್ಟಳು, ಸಾರ್, ಹಗಲೆಲ್ಲ ತೊಂಬತ್ತೆಂಟು, ನೂರು, ಈ ಅಮ್ಮಂಗೆ ಮಾತ್ರೆ ಜಾಸ್ತಿ ಆಗಿದೆ, ಬೆಳಿಗ್ಗೆ ಏಳಕ್ಕೆ ಮಾತ್ರ ಗೋಡೆ ಹತ್ತಿದ ಹಾಗೆ ಏರಿದೆ, ಆ ಹೊತ್ತಿಗೆ ಮನೇಲಿ ಯಾವ ಹುಲಿ ಬರುತ್ತೋ, ಅಂತ ನಕ್ಕಳು, ಪಾಪ, ಅವಳಿಗೇನು ಗೊತ್ತು, ಕಾಗದದಲ್ಲಿ ಹೆಸರಿಲ್ಲ, ಬರೀ ಸಂಖ್ಯೆ — ಸಂಜೆ ಆರು ಇಪ್ಪತ್ತಕ್ಕೆ ಇನ್ನೊಂದು ಸಣ್ಣ ಏರು, ನರ್ಸಮ್ಮ ಗಮನಿಸದ್ದು, ನಾನು ಬಾಗಿಲಿಗೆ ಕೀಲಿ ತಿರುಗಿಸುವ ಹೊತ್ತು, ನಾದಿನಿ ಅಂದದ್ದು ಬರೀ ಚೇಷ್ಟೆಯಲ್ಲ, ಭಾವ, ನೀವು ಬಂದ್ರೆ ನಮ್ಮನೆ ಬೆಕ್ಕೂ ಮಂಚದಡಿ ಸೇರುತ್ತೆ, ವೈದ್ಯನ ಮುಂದೆ ರೋಗಿಯ ಒತ್ತಡ ಏರುತ್ತದೆ, ಮನೆಯಲ್ಲೇ ಅಳೆಯಿರಿ ಎಂದು ಊರೂರಲ್ಲಿ ಭಾಷಣ ಮಾಡಿದೆ, ಚಪ್ಪಾಳೆ ಬಿತ್ತು, ನನ್ನ ಮನೆಯಲ್ಲಿ ವೈದ್ಯನೇ ಕೂತಿದ್ದಾನೆಂಬುದು ಮರೆತೇಹೋಯಿತು.

ಹೇಳದಿದ್ದರೂ ನಡೆದೀತು, ಸದ್ದಿಲ್ಲದೆ ಮಾತ್ರೆ ಇಳಿಸಿ ಅಳೆಯುತ್ತಲೇ ಇರಬಹುದು, ಯಾಕೆಂದರೆ ಭಗವಂತಾ, ನಿನಗೆ ಗೊತ್ತು, ದಿನಕ್ಕೆ ನಾವು ಒಬ್ಬರನ್ನೊಬ್ಬರು ಮುಟ್ಟುವುದು ಇದೊಂದೇ ಸಲ, ಬೆರಳಡಿಯಲ್ಲಿ ಆ ನಾಡಿ, ನನಗಾಗಿ ಬಡಿಯುತ್ತದೆ ಅಂದುಕೊಂಡಿದ್ದೆ, ನನಗೆ ಹೆದರಿ ಬಡಿಯುತ್ತಿತ್ತು — ಚಪ್ಪಲಿಯ ಸದ್ದು, ಬಂದಳು, ಕೂತಳು, ಕುಪ್ಪಸದ ಉದ್ದ ತೋಳನ್ನು ತಾನೇ ಮೇಲಕ್ಕೆ ಸುತ್ತಿಕೊಂಡಳು, ಮುಖ ಕಿಟಕಿಯತ್ತ, ಅಲ್ಲಿ ಮಂಜು ಬಿಟ್ಟರೆ ಏನಿದೆ, ಯಾಕ್ರೀ ಸುಮ್ನೆ ಕೂತ್ರಿ, ಪಟ್ಟಿ ಕಟ್ಟಲ್ವಾ, ಇಲ್ಲ ಕಣೇ, ನಿಂಗೆ ಅಷ್ಟು ಒತ್ತಡ ಇಲ್ಲ, ಏರಿಸ್ತಿದ್ದೋನು ನಾನು, ಜಾಸ್ತಿ ಮಾತ್ರೆ ನುಂಗಿಸಿ ಬಚ್ಚಲಲ್ಲಿ ಬೀಳಿಸಿದ್ದೂ ನಾನೇ, ಇನ್ಮೇಲೆ ನರ್ಸಮ್ಮ ನೋಡ್ತಾಳೆ, ಮಾತ್ರೆನೂ ಬೇರೆ ಡಾಕ್ಟ್ರೇ ಹೇಳ್ಲಿ, ಅವಳ ತೋಳು ಮೇಜಿನ ಮೇಲೆ ಹಾಗೇ ಇದೆ, ಎಳೆದುಕೊಳ್ಳಬಹುದೆಂದು ಅದಕ್ಕಿನ್ನೂ ಗೊತ್ತಿಲ್ಲದಂತೆ, ಸುತ್ತಿದ್ದ ಬಟ್ಟೆಯನ್ನು ಒಂದೊಂದೇ ಮಡಿಕೆ ಬಿಚ್ಚಿ ಮಣಿಕಟ್ಟಿನವರೆಗೆ ಇಳಿಸಿದೆ, ನಾಡಿ ಹುಡುಕಲಿಲ್ಲ, ಆ ಕೈಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮಡಿಲಿಗೆ ಮರಳಿಸಿದೆ