ದ್ವೀಪ ಒತ್ತಿದರೆ

ಸಾಧನಾಳಿಗೆ ಹಾಡಿಗಿಂತ ಹಾಡಿನ ಚಿತ್ರದ ಹುಚ್ಚು. ಯಾವ ಆಲ್ಬಮ್ ಬರಲಿ, ಅದರ ಮುಖಚಿತ್ರವನ್ನು ಇಳಿಸಿ ಮೊಬೈಲಿನಲ್ಲಿ ಕೂಡಿಡಬೇಕು. ಹಾಡು ಕೇಳಿದಳೋ ಇಲ್ಲವೋ, ಅದು ಬೇರೆ ಮಾತು. ಚಿಕ್ಕಂದಿನಲ್ಲಿ ಅಣ್ಣ ಶಶಿರಾಜನ ಜೊತೆ ಅಂಚೆಚೀಟಿ ಕೂಡಿಟ್ಟವಳು. ಚಟ ಹೋಗಿರಲಿಲ್ಲ, ವೇಷ ಬದಲಿಸಿತ್ತು ಅಷ್ಟೆ.

ಶಶಿರಾಜ ಮಾಲ್ಡೀವ್ಸಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಬಿಡುವಿನಲ್ಲಿ, ಅಮ್ಮ ಕಲಿಸಿದ ಜಿನಸ್ತುತಿಯನ್ನು ಹಾಡಿ ಒಂದು ಸಣ್ಣ ಆ್ಯಪಿಗೆ ಏರಿಸಿದ್ದ. ಮುಖಚಿತ್ರಕ್ಕೆ ಹಾಕಿದ್ದು ತಾನೂ ತಂಗಿಯೂ ಜೋಪಾನ ಮಾಡಿದ್ದ ಹಳೆಯ ಅಂಚೆಚೀಟಿ: ನೀಲಿ ಕಡಲು, ನಡುವೆ ಪುಟ್ಟ ದ್ವೀಪ, ಒಂದು ದೋಣಿ. ಕಳೆದ ವರ್ಷ ಅವನು ಅಲ್ಲೇ ಎದೆನೋವಿನಿಂದ ತೀರಿಕೊಂಡ. ಅಂದಿನಿಂದ ಮೂಡುಬಿದಿರೆಯ ಮನೆಯಲ್ಲಿ ಅಮ್ಮ ಪುಷ್ಪಾವತಿಗೆ ಸಂಜೆ ಆ ದ್ವೀಪ ಒತ್ತಿ ಮಗನ ದನಿ ಕೇಳಿದ ಮೇಲೆಯೇ ಊಟ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ಹಾಗಾಗಿ ಹಾಡು ಸೂರ್ಯ ಇಳಿಯುವ ಮೊದಲೇ ಆಗಬೇಕು.

ಮೊನ್ನೆ ಆ ಆ್ಯಪಿನವರು ಬಾಗಿಲು ಹಾಕಿಕೊಂಡರು, ಅದರಲ್ಲಿದ್ದ ಹಾಡೂ ಹೋಯಿತು. ಸಾಧನಾ ಗಾಬರಿಯಿಂದ ತನ್ನ ಮೊಬೈಲು ಜಾಲಾಡಿದಳು. ನೂರಾರು ಚಿತ್ರಗಳ ನಡುವೆ ದ್ವೀಪವಿತ್ತು, ಹಾಡಿರಲಿಲ್ಲ. ಚಿತ್ರ ಇಳಿಸಿಕೊಂಡ ಬೆರಳು ಪಕ್ಕದಲ್ಲೇ ಇದ್ದ ಇನ್ನೊಂದು ಗುಂಡಿಯನ್ನು ಒತ್ತಿದ್ದರೆ ಹಾಡೂ ಬರುತ್ತಿತ್ತು. ಒತ್ತಿರಲಿಲ್ಲ. ಆ ಬೆರಳನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು ಅವಳಿಗೆ.

ಅಮ್ಮ ಊಟ ಬಿಟ್ಟಳು. ಹಟವಲ್ಲ, ಅನ್ನ ಇಳಿಯುತ್ತಿರಲಿಲ್ಲ. ಗಂಜಿನೀರಿನಲ್ಲಿ ದಿನ ತಳ್ಳಿ, ಎದ್ದು ನಿಂತರೆ ಕಾಲು ನಡುಗುವಂತಾಯಿತು. ಸಾಧನಾ ಅಣ್ಣನ ಸಾಮಾನಿನ ಜೊತೆ ಮಾಲ್ಡೀವ್ಸಿನಿಂದ ಬಂದಿದ್ದ ಸತ್ತ ಮೊಬೈಲು ಹಿಡಿದು, ಬಂಟ್ವಾಳದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಫರ್ಹಾನಳ ಮುಂದೆ ಕುಳಿತಳು.

"ಒಳಗೆ ಉಪ್ಪುನೀರು ಹೋಗಿ ಎಲ್ಲ ಹಾಳಾಗಿ ಉಂಟು ಅಕ್ಕ. ಸುಳ್ಳು ಆಸೆ ಕೊಡುವುದಿಲ್ಲ ನಾನು."

ಅಲ್ಲಿಂದ ಬೆಳ್ತಂಗಡಿಗೆ ಓಡಿದಳು. ಅಣ್ಣನ ಗೆಳೆಯ ಶೋಧನ್ ಆ ಹಾಡನ್ನು ಎಲ್ಲರಿಗೂ ಕೇಳಿಸುತ್ತಿದ್ದವನು.

"ಆ್ಯಪಿನಲ್ಲಿ ಉಂಟಲ್ಲ ಅಂತ ನಾನೂ ಇಳಿಸಿಡಲಿಲ್ಲ ಮಾರಾಯ್ತಿ," ಎಂದು ಅವನು ತಲೆ ತಗ್ಗಿಸಿದ.

ಮರಳುವ ಬಸ್ಸು ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತಿತ್ತು. ಕಿಟಕಿಯಾಚೆ ಸೂರ್ಯ ಮಾತ್ರ ಎಲ್ಲೂ ನಿಲ್ಲಲಿಲ್ಲ. ಸಾಧನಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅಮ್ಮ ತಟ್ಟೆಯ ಮುಂದೆ ಕುಳಿತಿದ್ದಳು.

"ಸಿಕ್ಕಿತಾ?"

"ಇಲ್ಲ ಅಮ್ಮ. ಚಿತ್ರ ಮಾತ್ರ ಉಂಟು. ತಪ್ಪು ನನ್ನದೇ."

"ನೀವಿಬ್ಬರೂ ಮೊದಲಿಂದ ಹಾಗೇ," ಎಂದಳು ಅಮ್ಮ. "ಪರದೇಶದಿಂದ ನಿಮ್ಮ ಮಾವನ ಕಾಗದ ಬಂದ ಕೂಡಲೇ ಕವರು ನೀರಿಗೆ ಹಾಕಿ ಸ್ಟ್ಯಾಂಪು ಬಿಡಿಸ್ತಿದ್ರಿ. ಒಳಗಿನ ಕಾಗದ ನಾನು ಓದಿ ಆಯ್ತಾ ಅಂತ ಒಬ್ಬರೂ ಕೇಳಿದ್ದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಸಾಧನಾಳಿಗೆ ಇಷ್ಟು ನೋಯುತ್ತಿರಲಿಲ್ಲ.

ಅಮ್ಮ ಮಗಳ ಮೊಬೈಲು ತೆಗೆದುಕೊಂಡು ದ್ವೀಪ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ಆ ಚಿತ್ರವನ್ನೇ ನೋಡುತ್ತ, ತಾನೇ ಹಾಡತೊಡಗಿದಳು. ಎರಡನೆಯ ಸಾಲಿನ ನಡುವೆ ನಿಲ್ಲಿಸಿ ಮೆಲ್ಲಗೆ ಕೆಮ್ಮಿದಳು.

"ನೀರು ತರಲಾ ಅಮ್ಮ?"

"ನನಗಲ್ಲ. ಇಲ್ಲಿ ಅವನಿಗೆ ಕೆಮ್ಮು ಬರ್ತದೆ."

ಹಾಡಿನ ನಡುವೆ ಅಣ್ಣ ಕೆಮ್ಮುತ್ತಿದ್ದನೇ? ಸಾಧನಾಳಿಗೆ ಗೊತ್ತಿರಲಿಲ್ಲ. ಅಮ್ಮ ದ್ವೀಪ ಒತ್ತಿದ ಕೂಡಲೇ ಎದ್ದು ಹೋಗುತ್ತಿದ್ದ ಅವಳು ಆ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಹಾಡು ಮುಗಿಯುವಾಗ ಹೊತ್ತು ಮುಳುಗಿತ್ತು. ಅಮ್ಮ ಮುಟ್ಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾಳೆ ಬೇಗ ಹಾಡುವ. ನೀನೂ ಕಲಿ. ಕೆಮ್ಮು ಬಿಡಬೇಡ."